ರಾತ್ರಿ ಹನ್ನೊಂದಕ್ಕೆ ಮುಂಬೈಯಲ್ಲಿ ಯಾವ ಗಾಡಿ ಹತ್ತುವುದು?

ಜುಲೈ ತಿಂಗಳ ಒಂದು ಶನಿವಾರ. ಊರಿನಿಂದ ಬಂದಿದ್ದ ಮೇಳದ ಯಕ್ಷಗಾನ ಮುಗಿದಾಗ ರಾತ್ರಿ ಹನ್ನೊಂದು ಹತ್ತು. ಮಾಟುಂಗದ ಸಭಾಂಗಣದ ಹೊರಗೆ ಮಳೆ ಜಡಿಯುತ್ತಿತ್ತು. ಮೆಟ್ಟಿಲ ಮೇಲೆ ನಾವು ನಾಲ್ಕು ಮನೆಯವರು ಮೊಬೈಲ್ ಹಿಡಿದುಕೊಂಡು ನಿಂತಿದ್ದೆವು. ನಾನು ಮುಲುಂಡ್‌ಗೆ ಹೋಗಬೇಕು. ಅಕ್ಕನ ಮಗಳು ರಮ್ಯಾ ಐರೋಲಿಗೆ. ಎಪ್ಪತ್ತು ದಾಟಿದ ಶೆಟ್ಟಿ ಮಾವ, ಅತ್ತೆ ಡೊಂಬಿವಲಿಗೆ. ಗೆಳತಿ ವಸಂತಿ ಮೀರಾ ರೋಡಿಗೆ.

ಮಾವ ಕಾಲಿಪೀಲಿ, ಅಂದರೆ ಕಪ್ಪು ಹಳದಿ ಬಣ್ಣದ ಮೀಟರ್ ಟ್ಯಾಕ್ಸಿ ಬಿಟ್ಟು ಬೇರೆ ಏನನ್ನೂ ನಂಬುವವರಲ್ಲ. ರಮ್ಯಾಗೆ ಆ್ಯಪ್ ಇಲ್ಲದ ಗಾಡಿ ಎಂದರೆ ಗಾಡಿಯೇ ಅಲ್ಲ. ವಸಂತಿಗೆ "ನಮ್ಮ ಊರಿನ ಹುಡುಗ ಒಬ್ಬ ಇದ್ದಾನೆ, ಫೋನ್ ಮಾಡಿದರೆ ಬರುತ್ತಾನೆ." ಹತ್ತು ನಿಮಿಷ ಚರ್ಚೆಯಾಯಿತು. ಕೊನೆಗೆ ರಮ್ಯಾ ಕೇಳಿದಳು, "ಚಿಕ್ಕಮ್ಮ, ನಿಜ ಹೇಳಿ, ಇದರಲ್ಲಿ ಸೇಫ್ ಯಾವುದು?"

ಆ ಹೊತ್ತಿಗೆ ನನ್ನ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ. ಈ ಪ್ರಶ್ನೆಯನ್ನು ಅವಳಲ್ಲದೆ ಇನ್ನೂ ಹತ್ತಾರು ಜನ ಕೇಳಿದ್ದಾರೆ. ಊರಿನಿಂದ ಮಗಳನ್ನು ಕೆಲಸಕ್ಕೆ ಕಳಿಸಿದ ತಾಯಂದಿರಂತೂ ಫೋನಿನಲ್ಲಿ ಮೊದಲು ಕೇಳುವುದೇ ಇದನ್ನು. ಹಾಗಾಗಿ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ಮೊದಲು ಏನನ್ನು ನೋಡಬೇಕು

ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಗಾಡಿ ಓಡಿಸುವವನು ಯಾರು ಎಂಬುದು ಎಲ್ಲಾದರೂ ಬರವಣಿಗೆಯಲ್ಲಿ ಇದೆಯಾ? ನಾನು ದಾರಿಯಲ್ಲಿರುವಾಗ ಎಲ್ಲಿದ್ದೇನೆ ಅಂತ ಮೂರನೆಯವರಿಗೆ ಗೊತ್ತಾಗುತ್ತಾ? ಅಪಘಾತವೋ ಗಲಾಟೆಯೋ ಆದರೆ ಹೊಣೆ ಹೊರುವವರು ಯಾರು? ಕೊನೆಯದು, ದುಡ್ಡೆಷ್ಟು ಮತ್ತು ಗಾಡಿ ಬೇಗ ಸಿಗುತ್ತಾ? ಕೊನೆಯದನ್ನು ಸುಮ್ನೆ ಸೇರಿಸಿದ್ದಲ್ಲ. ತುಂಬಾ ಸುರಕ್ಷಿತ ಅನ್ನಿಸಿಕೊಂಡ ಕ್ಯಾಬ್‌ಗಾಗಿ ಕತ್ತಲಲ್ಲಿ ನಲವತ್ತು ನಿಮಿಷ ಒಬ್ಬಳೇ ನಿಲ್ಲುವುದೂ ಅಪಾಯವೇ ಅಲ್ವಾ.

"ಪೊಲೀಸ್ ವೆರಿಫಿಕೇಶನ್ ಆಗಿದೆ" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದರಲ್ಲಿ ಏನಿದೆ, ಏನಿಲ್ಲ ಎಂದು ತಿಳಿದಿರಬೇಕು. ಚಾಲಕನ ಹೆಸರಿನಲ್ಲಿ ಪೊಲೀಸರ ದಾಖಲೆಯಲ್ಲಿ ಏನಾದರೂ ಇದೆಯೇ ಎಂದು ನೋಡುವ ಕೆಲಸ ಅದು. ಹಿಂದೆ ನಡೆದದ್ದನ್ನು, ಅದರಲ್ಲೂ ದಾಖಲಾದದ್ದನ್ನು ಮಾತ್ರ ಹೇಳುತ್ತದೆ. 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಉಬರ್ ಚಾಲಕನೊಬ್ಬ ಪ್ರಯಾಣಿಕಳ ಮೇಲೆ ಅತ್ಯಾಚಾರ ಮಾಡಿದ. ಅವನು ಹಿಂದೊಮ್ಮೆ ಅಂಥದ್ದೇ ಆರೋಪದಲ್ಲಿ ಬಂಧನಕ್ಕೊಳಗಾಗಿದ್ದವನು. ತೋರಿಸಿದ್ದ ನಡತೆ ಪ್ರಮಾಣಪತ್ರವೇ ನಕಲಿ. ದೇಶದಲ್ಲಿ ಆ್ಯಪ್ ಕ್ಯಾಬ್‌ಗಳ ಬಗ್ಗೆ ಗಟ್ಟಿ ಚರ್ಚೆ ಶುರುವಾಗಿದ್ದೇ ಆಮೇಲೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯೊಳಗೆ 'ಅಗ್ರಿಗೇಟರ್' (ಪ್ರಯಾಣಿಕರಿಗೂ ಚಾಲಕರಿಗೂ ಆ್ಯಪ್ ಮೂಲಕ ಗಂಟುಹಾಕುವ ಕಂಪನಿ) ಎಂಬ ಪದ ಬಂತು. 2020ರ ನವೆಂಬರಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಚಾಲಕನನ್ನು ಸೇರಿಸಿಕೊಳ್ಳುವ ಮೊದಲು ಪೊಲೀಸ್ ಪರಿಶೀಲನೆ ಆಗಬೇಕು, ಹಿಂದಿನ ಕೆಲವು ವರ್ಷಗಳಲ್ಲಿ ಕುಡಿದು ಓಡಿಸಿದ್ದಕ್ಕೋ ಗಂಭೀರ ಅಪರಾಧಕ್ಕೋ ಶಿಕ್ಷೆ ಆಗಿರಬಾರದು, ದಿನಕ್ಕೆ 12 ಗಂಟೆಗಿಂತ ಹೆಚ್ಚು ಓಡಿಸಬಾರದು ಎಂದೆಲ್ಲ ಅದರಲ್ಲಿತ್ತು. 2025ರ ಜುಲೈನಲ್ಲಿ ಅದರ ಜಾಗಕ್ಕೆ ಹೊಸ ಮಾರ್ಗಸೂಚಿ ಬಂದಿದೆ.

ಇಷ್ಟೆಲ್ಲ ಇದ್ದರೂ ಒಂದು ಕೆಲಸ ನಿಮ್ಮದೇ. ಪರಿಶೀಲನೆ ಆದ ಮನುಷ್ಯನೇ ಸ್ಟೀರಿಂಗ್ ಹಿಂದೆ ಕೂತಿದ್ದಾನಾ ಅಂತ ನೋಡುವುದು.

ನಂಬರ್ ಪ್ಲೇಟ್ ಓದುವುದು

ಗಾಡಿ ಯಾವುದಾದರೂ ಸರಿ, ಮೊದಲ ಕಣ್ಣು ಪ್ಲೇಟಿನ ಮೇಲೆ. ಹಳದಿ ಹಲಗೆಯಲ್ಲಿ ಕಪ್ಪು ಅಕ್ಷರ ಇದ್ದರೆ ಬಾಡಿಗೆಗೆ ಓಡಲು ನೋಂದಣಿಯಾದ ಗಾಡಿ. ಹಸಿರು ಹಲಗೆಯಲ್ಲಿ ಹಳದಿ ಅಕ್ಷರ ಎಂದರೆ ಅದೇ, ಆದರೆ ಬ್ಯಾಟರಿಯದ್ದು. ಬಿಳಿ ಹಲಗೆ, ಕಪ್ಪು ಅಕ್ಷರ ಎಂದರೆ ಮನೆಯ ಸ್ವಂತ ಗಾಡಿ. ಹಸಿರಿನಲ್ಲಿ ಬಿಳಿ ಅಕ್ಷರ ಇದ್ದರೂ ಸ್ವಂತದ್ದೇ. ಈ ಕೊನೆಯ ಎರಡರಲ್ಲಿ ಬಾಡಿಗೆ ಕೊಟ್ಟು ಕೂತರೆ ಪರ್ಮಿಟ್ಟೂ ಇಲ್ಲ. ಸ್ವಂತ ಬಳಕೆಗೆ ಮಾಡಿಸಿದ ವಿಮೆ ಬಾಡಿಗೆ ಓಟಕ್ಕೆ ಅನ್ವಯಿಸುವುದೂ ಇಲ್ಲ.

ಸರ್ಕಾರದ ಎಂಪರಿವಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಗಾಡಿ ಯಾವ ವರ್ಗದ್ದು, ಫಿಟ್ನೆಸ್ ಮತ್ತು ವಿಮೆ ಯಾವತ್ತಿನವರೆಗೆ ಎಂದು ಕಾಣಿಸುತ್ತದೆ. ಪ್ರತಿ ಸಲ ಬೇಡ. ತಿಂಗಳ ಲೆಕ್ಕದಲ್ಲಿ ಗೊತ್ತುಮಾಡುವ ಗಾಡಿಗೆ ಮಾತ್ರ ಒಮ್ಮೆ ನೋಡಿಬಿಡಿ.

ಆ್ಯಪ್ ಕ್ಯಾಬ್

ನನ್ನ ಮೊದಲ ಎರಡು ಪ್ರಶ್ನೆಗೆ ಒಳ್ಳೆಯ ಉತ್ತರ ಇರುವುದು ಇದರಲ್ಲೇ. ಹೆಸರು, ಫೋಟೋ, ಗಾಡಿ ನಂಬರ್, ಹೋದ ದಾರಿ, ಹೊತ್ತು, ಎಲ್ಲವೂ ದಾಖಲಾಗುತ್ತದೆ. ಪ್ರಯಾಣವನ್ನು ಮನೆಯವರ ಮೊಬೈಲಿಗೆ ಕಳಿಸಬಹುದು. ತುರ್ತು ಗುಂಡಿ ಇದೆ, ಓಟಿಪಿ ಇದೆ.

ತೊಂದರೆ ಎಲ್ಲಿ ಅಂದರೆ, ಫೋಟೋ ಒಬ್ಬರದು, ಬರುವವನು ಇನ್ನೊಬ್ಬ. ಎರಡು ವರ್ಷದ ಹಿಂದೆ ಕುರ್ಲಾದ ಎಲ್‌ಟಿಟಿ ಸ್ಟೇಷನ್ನಿನಿಂದ ನಾನೇ ಹೀಗೊಂದು ಕ್ಯಾಬ್ ಹತ್ತಿದೆ. ಬೆಳಗ್ಗೆ ಮತ್ಸ್ಯಗಂಧ ರೈಲು ಇಳಿದು ನಿದ್ದೆಗಣ್ಣಲ್ಲಿದ್ದೆ. ಆ್ಯಪ್‌ನಲ್ಲಿ ಐವತ್ತರ ಗಡ್ಡದ ಮನುಷ್ಯ, ಸೀಟಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗ. ಕೇಳಿದ್ದಕ್ಕೆ, "ಚಾಚಾ ಕೀ ಗಾಡಿ ಹೈ" ಅಂದ. ಚೀಲ ಡಿಕ್ಕಿಯಲ್ಲಿತ್ತು, ಓಟಿಪಿ ಹೇಳಿ ಆಗಿತ್ತು, ನಾನೂ ಸುಮ್ಮನೆ ಕೂತೆ. ಏನೂ ಆಗಲಿಲ್ಲ. ಆದರೆ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಏನಾದರೂ ಆಗಿದ್ದರೆ ಕಂಪನಿಯ ದಾಖಲೆಯಲ್ಲಿ ಇರುವುದು ಮನೆಯಲ್ಲಿ ಮಲಗಿರುವ ಚಾಚಾ ತಾನೇ? ಆಮೇಲೆ ದೂರು ಕೊಟ್ಟೆ. ಎರಡು ಸಾಲಿನ ಕ್ಷಮಾಪಣೆ ಬಂತು.

ಅಂದಿನಿಂದ ನನ್ನ ಕ್ರಮ ಹೀಗಿದೆ. ಮುಖ, ನಂಬರ್ ಎರಡೂ ಹೊಂದಿದ ಮೇಲೆ ಡಿಕ್ಕಿ ತೆಗೆಸುತ್ತೇನೆ. ಓಟಿಪಿ ಹೇಳುವುದು ಅದರ ನಂತರ. "ರಮ್ಯಾ ಹೆಸರಿನ ಕ್ಯಾಬ್ ತಾನೇ?" ಎಂದು ನಾವಾಗಿ ಕೇಳಬಾರದು. "ಯಾರ ಹೆಸರಿಗೆ ಬುಕ್ ಆಗಿದೆ?" ಎಂದು ಕೇಳಬೇಕು, ಅವನೇ ಹೇಳಲಿ. ಹಿಂದಿನ ಬಾಗಿಲ ಅಂಚಿನಲ್ಲಿ ಚೈಲ್ಡ್ ಲಾಕಿನ ಸಣ್ಣ ಕೊಕ್ಕೆ ಇರುತ್ತದೆ. ಕೂರುವ ಮೊದಲು ಒಮ್ಮೆ ಬೆರಳಾಡಿಸಿ ನೋಡುತ್ತೇನೆ. ರಮ್ಯಾ ನಗುತ್ತಾಳೆ, ನಗಲಿ.

ಇನ್ನು ಆ ಕೆಂಪು ಗುಂಡಿ. 2019ರ ಜನವರಿಯಿಂದ ನೋಂದಣಿಯಾಗುವ ಹೊಸ ಟ್ಯಾಕ್ಸಿಗಳಲ್ಲಿ ಗಾಡಿ ಎಲ್ಲಿದೆ ಎಂದು ತೋರಿಸುವ ಯಂತ್ರ ಮತ್ತು ತುರ್ತು ಗುಂಡಿ ಇರಬೇಕು ಎಂಬ ನಿಯಮವಿದೆ. ರಿಕ್ಷಾ, ಬೈಕ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಒಬ್ಬ ಡ್ರೈವರ್ ಹತ್ತಿರ, "ಇದು ಕೆಲಸ ಮಾಡುತ್ತಾ?" ಅಂತ ಕೇಳಿದ್ದೆ. "ಪಾಸಿಂಗ್ ಕೇ ದಿನ್ ಕರ್ತಾ ಥಾ" ಎಂದು ನಕ್ಕ. ಆರ್‌ಟಿಒ ತಪಾಸಣೆಯ ದಿನ ಕೆಲಸ ಮಾಡಿತ್ತಂತೆ! ನಾನು ಆ ಗುಂಡಿಗಿಂತ ಮೊಬೈಲಿನಲ್ಲಿ ಒತ್ತುವ ತುರ್ತು ನಂಬರ್ 112ನ್ನು ಹೆಚ್ಚು ನಂಬುತ್ತೇನೆ.

ದುಡ್ಡಿನ ವಿಷಯ ಬೇರೆ. ಮಳೆ ಬಂದರೆ ದರ ಏರುತ್ತದೆ. ಕೇಂದ್ರದ 2025ರ ಮಾರ್ಗಸೂಚಿ ಮೂಲ ದರದ ಎರಡು ಪಟ್ಟಿನವರೆಗೆ ಬಿಟ್ಟಿದೆ, ಮಹಾರಾಷ್ಟ್ರದ ಅದೇ ವರ್ಷದ ನೀತಿ ಒಂದೂವರೆ ಪಟ್ಟಿಗೆ ನಿಲ್ಲಿಸಿದೆ. ಕಾರಣವಿಲ್ಲದೆ ಕ್ಯಾನ್ಸಲ್ ಮಾಡುವ ಚಾಲಕನಿಗೆ ದಂಡ ಎಂದೂ ಇದೆ. ಆದರೂ "ಆಪ್ ಹೀ ಕ್ಯಾನ್ಸಲ್ ಕರೋ" (ನೀವೇ ಕ್ಯಾನ್ಸಲ್ ಮಾಡಿ) ಎಂಬ ಫೋನ್ ನಿಂತಿಲ್ಲ. ಇನ್ನೊಂದು ಕಿವಿಮಾತು. "ಆ್ಯಪ್ ಬಂದ್ ಮಾಡಿ, ಅದೇ ದರಕ್ಕೆ ಹೊರಗಿಂದ ಬಿಡುತ್ತೇನೆ" ಎಂದರೆ ಒಪ್ಪಬೇಡಿ. ಇಷ್ಟು ಹೊತ್ತು ನೀವು ಜಾಸ್ತಿ ದುಡ್ಡು ಕೊಟ್ಟು ಕೊಂಡಿದ್ದೇ ಆ ದಾಖಲೆಯನ್ನು. ಅದನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ.

ಕಾಲಿಪೀಲಿ ಮತ್ತು ರಿಕ್ಷಾ

ಹಳೆಯ ಪದ್ಮಿನಿ ಟ್ಯಾಕ್ಸಿ ಕಾರುಗಳು 2023ರ ಅಕ್ಟೋಬರಿಗೆ ರಸ್ತೆಯಿಂದ ಹೋದವು, ಆದರೆ ಕಪ್ಪು ಹಳದಿ ಬಣ್ಣ ಉಳಿದಿದೆ. ಮಾವನ ನಂಬಿಕೆಗೆ ಕಾರಣ ಇಲ್ಲದಿಲ್ಲ. ಟ್ಯಾಕ್ಸಿ, ರಿಕ್ಷಾ ಓಡಿಸಲು ಬ್ಯಾಜ್ ಬೇಕು, ಬ್ಯಾಜ್‌ಗೆ ಪೊಲೀಸರ ಪರಿಶೀಲನೆ ಬೇಕು. ಸ್ಟ್ಯಾಂಡಿನಲ್ಲಿ ನಿಲ್ಲುವವರು ಒಬ್ಬರಿಗೊಬ್ಬರು ಗೊತ್ತಿರುವವರು. ಮೀಟರ್ ಸರ್ಕಾರದ್ದು, ಮಳೆ ಬಂದರೂ ಅದೇ ದರ. 2025ರ ಫೆಬ್ರವರಿ 1ರಿಂದ ಮೊದಲ ಒಂದೂವರೆ ಕಿಲೋಮೀಟರಿಗೆ ಟ್ಯಾಕ್ಸಿಗೆ 31 ರೂಪಾಯಿ, ರಿಕ್ಷಾಕ್ಕೆ 26. ಆಮೇಲೆ ಕಿಲೋಮೀಟರಿಗೆ 20.66 ಮತ್ತು 17.14. ಮಾಟುಂಗದಿಂದ ಮುಲುಂಡ್ ಸುಮಾರು 20 ಕಿಲೋಮೀಟರ್ ಎಂದು ಹಿಡಿದರೆ ಈ ದರದಲ್ಲಿ ಟ್ಯಾಕ್ಸಿಗೆ 413 ರೂಪಾಯಿ ಆಗುತ್ತದೆ. ನಡುರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಕಾಲು ಭಾಗ ಜಾಸ್ತಿ, ಅಂದರೆ ಸುಮಾರು 516.

ಕೊರತೆ ಎಂದರೆ ನೀವು ಹತ್ತಿದ್ದು ಯಾರಿಗೂ ಗೊತ್ತಿಲ್ಲ. ಹಾಗಾಗಿ ದಾಖಲೆಯನ್ನು ನಾವೇ ಮಾಡಬೇಕು. ಹತ್ತುವ ಮೊದಲು ಪ್ಲೇಟಿನ ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕುವುದು, ವಾಟ್ಸಾಪಿನ ಲೈವ್ ಲೊಕೇಶನ್ ಒಂದು ಗಂಟೆಗೆ ಕಳಿಸುವುದು. ಆಮೇಲೆ ಚಾಲಕನಿಗೆ ಕೇಳುವ ಹಾಗೆ ಫೋನಿನಲ್ಲಿ, "ಹತ್ತಿದೆ, ನಂಬರ್ ಕಳಿಸಿದ್ದೇನೆ" ಎನ್ನುವುದು. ನಾನು ಇದನ್ನು ಕನ್ನಡದಲ್ಲಿ ಹೇಳುವುದಿಲ್ಲ, ಹಿಂದಿಯಲ್ಲಿ ಹೇಳುತ್ತೇನೆ. ಕೇಳಬೇಕಾದವನು ಅವನು!

ಸ್ಟೇಷನ್, ಏರ್‌ಪೋರ್ಟ್‌ಗಳಲ್ಲಿ ಒಳಗೇ ಬಂದು ಚೀಲಕ್ಕೆ ಕೈ ಹಾಕುವವರ ಹಿಂದೆ ಹೋಗುವುದು ಮಾತ್ರ ಬೇಡವೇ ಬೇಡ, ಅವರು ಕನ್ನಡ ಮಾತಾಡಿದರೂ ಸರಿ. ಸ್ಮಾರ್ಟ್ ಫೋನ್ ಬಳಸದ ಹಿರಿಯರಿಗೆ ಏರ್‌ಪೋರ್ಟಿನ ಪ್ರೀಪೇಯ್ಡ್ ಟ್ಯಾಕ್ಸಿ ಚೆನ್ನ. ದುಡ್ಡು ಮೊದಲೇ ಗೊತ್ತಾಗುತ್ತದೆ, ಕೈಗೊಂದು ಚೀಟಿ ಸಿಗುತ್ತದೆ. ಆ ಚೀಟಿಯನ್ನು ಮನೆ ಸೇರುವವರೆಗೆ ಕೊಡಬಾರದು.

ರಿಕ್ಷಾ ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಬರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಬಾಗಿಲಿಲ್ಲದ್ದು ಒಂದು ಲೆಕ್ಕದಲ್ಲಿ ಒಳ್ಳೆಯದು, ಕೂಗಿದರೆ ಕೇಳಿಸುತ್ತದೆ, ಸಿಗ್ನಲ್‌ನಲ್ಲಿ ಇಳಿಯಬಹುದು. ಕೈಯಲ್ಲಿ ಮೊಬೈಲ್ ಹಿಡಿದು ಹೊರಗೆ ಚಾಚಿ ಕೂತರೆ ಮಾತ್ರ ಬೈಕಿನವನು ಎಗರಿಸಿಕೊಂಡು ಹೋಗುತ್ತಾನೆ. ಥಾಣೆ ಕಡೆ ಹೆಂಗಸರು ಓಡಿಸುವ ಅಬೋಲಿ ಬಣ್ಣದ ರಿಕ್ಷಾ ಕಾಣಬಹುದು. ಅಬೋಲಿ ಅಂದರೆ ನಮ್ಮ ಅಬ್ಬಲಿಗೆ ಹೂವು. ಅದೇ ಬಣ್ಣ. ಸಿಕ್ಕರೆ ಪುಣ್ಯ, ನೆಚ್ಚಿಕೊಂಡು ನಿಲ್ಲುವಷ್ಟು ಇಲ್ಲ.

ಡೊಂಬಿವಲಿ, ಕಲ್ಯಾಣ್ ಕಡೆಯ ಶೇರ್ ರಿಕ್ಷಾ ಅಗ್ಗ. ಜೊತೆಗೆ ಜನ ಇರುತ್ತಾರೆ, ದಾರಿ ಬದಲಾಗುವುದಿಲ್ಲ. ಡ್ರೈವರ್ ಪಕ್ಕದ ನಾಲ್ಕನೇ ಸೀಟಿನಲ್ಲಿ ಮಾತ್ರ ಕೂರಬೇಡಿ. ಅದು ಕಾನೂನಿನಲ್ಲಿ ಇಲ್ಲದ ಸೀಟು, ಅರ್ಧ ಮೈ ಹೊರಗಿರುತ್ತದೆ.

ಬೈಕ್ ಟ್ಯಾಕ್ಸಿ

ಟ್ರಾಫಿಕ್‌ನಲ್ಲಿ ಇದಕ್ಕಿಂತ ಬೇಗ ತಲುಪಿಸುವುದು ಇಲ್ಲ, ಇದಕ್ಕಿಂತ ಅಗ್ಗವೂ ಇಲ್ಲ. ಆದರೆ ಮಹಾರಾಷ್ಟ್ರದಲ್ಲಿ ಇದರ ಕತೆ ಗೋಜಲು. 2023ರ ಜನವರಿಯಲ್ಲಿ ಪರವಾನಗಿ ಇಲ್ಲವೆಂದು ಬಾಂಬೆ ಹೈಕೋರ್ಟ್ ಬೈಕ್ ಟ್ಯಾಕ್ಸಿ ಕಂಪನಿ ರಾಪಿಡೊಗೆ ಸೇವೆ ನಿಲ್ಲಿಸಲು ಹೇಳಿತು. ಅದು ಪುಣೆಯಿಂದ ಶುರುವಾದ ವ್ಯಾಜ್ಯ. ಸುಪ್ರೀಂ ಕೋರ್ಟಿನಲ್ಲೂ ಕಂಪನಿಗೆ ಅನುಕೂಲ ಆಗಲಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಬೈಕ್‌ಗಳಿಗೆ ಮಾತ್ರ ದಾರಿ ತೆರೆಯಿತು. ಅಂದರೆ ನೀವು ಬುಕ್ ಮಾಡಿದಾಗ ಬಿಳಿ ಪ್ಲೇಟಿನ ಪೆಟ್ರೋಲ್ ಬೈಕ್ ಬಂದು ನಿಂತರೆ ಅದು ನಿಯಮದ ಹೊರಗಿನದು. ಬಿದ್ದು ಕಾಲು ಮುರಿದರೆ ಪರಿಹಾರಕ್ಕೆ ಅಲೆಯುವವರು ನೀವು. ಗೋವಾದಲ್ಲಿ ಹಳದಿ ಕಪ್ಪು ಬೈಕಿನ 'ಪೈಲಟ್'ಗಳು ಪರವಾನಗಿ ಇಟ್ಟುಕೊಂಡೇ ಓಡಿಸುತ್ತ ಬಂದಿದ್ದಾರೆ, ಆ ಮಾತು ಬೇರೆ.

ಹಗಲು, ಹತ್ತಿರದ ದಾರಿ, ಸರಿಯಾದ ಪ್ಲೇಟು, ತಲೆಗೆ ಸರಿ ಕೂರುವ ಹೆಲ್ಮೆಟ್ ಇದ್ದರೆ ಹೋಗಿ. ಮಳೆಗಾಲದ ರಾತ್ರಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಬೈಕಿನ ಹಿಂದೆ? ನನ್ನ ಮಗಳಾಗಿದ್ದರೆ ಕಳಿಸುತ್ತಿರಲಿಲ್ಲ. ಅಲ್ಲಿ ಡ್ರೈವರ್ ಎಷ್ಟೇ ಒಳ್ಳೆಯವನಾದರೂ ರಸ್ತೆಯ ಗುಂಡಿಗಳು ಒಳ್ಳೆಯವಲ್ಲ.

ಆಫೀಸಿನ ಕ್ಯಾಬ್

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಪ್ರಕಾರ ರಾತ್ರಿ ಒಂಬತ್ತೂವರೆಯಿಂದ ಬೆಳಗ್ಗೆ ಏಳರವರೆಗೆ ಹೆಂಗಸರನ್ನು ಕೆಲಸಕ್ಕೆ ಹಚ್ಚಬೇಕಾದರೆ ಅವರ ಒಪ್ಪಿಗೆ ಬೇಕು. ರಕ್ಷಣೆ ಮತ್ತು ಮನೆಯವರೆಗಿನ ಗಾಡಿ ಕೆಲಸ ಕೊಟ್ಟವರ ಜವಾಬ್ದಾರಿ. ನಿಮ್ಮ ಕೈಯಿಂದ ದುಡ್ಡೂ ಹೋಗುವುದಿಲ್ಲ. ಕೇಳಿದರೆ ಇದೇ ಎಲ್ಲಕ್ಕಿಂತ ಮೇಲು ಅನ್ನಿಸುತ್ತದೆ.

ಆದರೂ ಕಣ್ಣು ಮುಚ್ಚಿ ಕೂರಬೇಡಿ. 2007ರ ನವೆಂಬರಿನಲ್ಲಿ ಪುಣೆಯಲ್ಲಿ ಬಿಪಿಒ ಉದ್ಯೋಗಿಯಾಗಿದ್ದ ಯುವತಿಯೊಬ್ಬಳು ರಾತ್ರಿ ಪಾಳಿಗೆ ಹೋಗಲು ಹತ್ತಿದ್ದು ಕಂಪನಿ ಗೊತ್ತುಮಾಡಿದ್ದ ಕ್ಯಾಬೇ. ಒಳಗೆ ಚಾಲಕನ ಜೊತೆ ಅವನ ಸ್ನೇಹಿತನೂ ಇದ್ದ. ಇಬ್ಬರೂ ಸೇರಿ ಅವಳನ್ನು ಕೊಂದರು. ಆಮೇಲೆ ರಾತ್ರಿ ಪಾಳಿಯ ಸಾರಿಗೆಯ ಬಗ್ಗೆ ಎಲ್ಲ ಕಡೆ ಬಿಗಿ ಬಂತು. ಹಾಗಾಗಿ ಎರಡು ವಿಷಯದಲ್ಲಿ ಮುಲಾಜು ಬೇಡ. ಪಟ್ಟಿಯಲ್ಲಿ ಇಲ್ಲದ ಹೆಚ್ಚುವರಿ ಗಂಡಸು ಗಾಡಿಯಲ್ಲಿ ಇದ್ದರೆ ಹತ್ತಬಾರದು. ಕೊನೆಗೆ ಇಳಿಯುವವಳು ನೀವಾದರೆ ಗಾರ್ಡ್ ಬೇಕು ಎಂದು ಸಾರಿಗೆ ವಿಭಾಗಕ್ಕೆ ಮೇಲ್ ಹಾಕಬೇಕು. ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಇರಲಿ.

"ನಮ್ಮ ಊರಿನ ಹುಡುಗ"

ಇದು ನಮ್ಮವರ ಅಚ್ಚುಮೆಚ್ಚಿನ ದಾರಿ. ಮನೆ ಗೊತ್ತು, ಮನೆತನ ಗೊತ್ತು. ಅವನ ದೊಡ್ಡಪ್ಪನ ಹೋಟೆಲಿನಲ್ಲೇ ನಮ್ಮ ಮಾವ ಕೆಲಸಕ್ಕಿದ್ದದ್ದು, ಇತ್ಯಾದಿ. ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಯಾವ ಆ್ಯಪ್ ಕೊಡುತ್ತದೆ ಹೇಳಿ. ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಮದುವೆಗೆ, ಬೆಳಗಿನ ವಿಮಾನಕ್ಕೆ ನಾನೂ ಹೀಗೇ ಮಾಡುತ್ತೇನೆ.

ಆದರೆ ಮೂರನೇ ಪ್ರಶ್ನೆ ಬಂದಾಗ ಇದು ಎಡವುತ್ತದೆ. ಒಮ್ಮೆ ಘೋಡ್‌ಬಂದರ್ ರಸ್ತೆಯಲ್ಲಿ ಪೊಲೀಸರ ನಾಕಾಬಂದಿ ಇತ್ತು. ಬಿಳಿ ಪ್ಲೇಟಿನ ಕಾರು. ಹುಡುಗ ಹಿಂದೆ ತಿರುಗಿ ಮೆಲ್ಲನೆ ಹೇಳಿದ, "ಆಂಟಿ, ಕೇಳಿದರೆ ನಾನು ನಿಮ್ಮ ಅಳಿಯ ಅಂತ ಹೇಳಿ." ಪುಣ್ಯಕ್ಕೆ ಪೊಲೀಸರು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ನನಗೆ ಇರುವುದು ಒಬ್ಬನೇ ಮಗ, ಅವನಿಗೂ ಮದುವೆಯಾಗಿಲ್ಲ! ಆ ಹುಡುಗ ಕೆಟ್ಟವನಲ್ಲ. ಆದರೆ ಅಪಘಾತವಾಗಿದ್ದರೆ ವಿಮೆ ಕಂಪನಿಯ ಮುಂದೆಯೂ ನಾನು ಅತ್ತೆಯಾಗಬೇಕಿತ್ತು. ಊರಿನವನೇ ಇರಲಿ, ಹಳದಿ ಪ್ಲೇಟು ಇರಲಿ. ಎರಡೂ ಇರುವವರು ಸಿಗುತ್ತಾರೆ, ಸ್ವಲ್ಪ ಹುಡುಕಬೇಕು.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ಇದ್ದೀರಿ, ರಾತ್ರಿ ಹತ್ತು ದಾಟಿದೆ, ದಾರಿ ಹೊಸದು. ಆ್ಯಪ್ ಕ್ಯಾಬ್, ಜಾಸ್ತಿ ದುಡ್ಡಾದರೂ ಸರಿ. ದಿನಾ ಓಡಾಡುವ ಪರಿಚಿತ ದಾರಿ, ಹತ್ತು ಕಿಲೋಮೀಟರ್ ಒಳಗೆ ಇದ್ದರೆ ಮೀಟರ್ ರಿಕ್ಷಾ ಸಾಕು. ಆ್ಯಪ್ ಮೂಲಕ ರಿಕ್ಷಾವನ್ನೇ ಕರೆದರೆ ದಾಖಲೆಯೂ ಸಿಕ್ಕಿತು, ಖರ್ಚೂ ಕಡಿಮೆ. ನನ್ನ ಪ್ರಕಾರ ಉಪನಗರದವರಿಗೆ ಈ ನಡುದಾರಿಯೇ ಚೆನ್ನ. ಸಂಬಳ ಈಗಷ್ಟೇ ಶುರುವಾದ ಮಕ್ಕಳಿಗೆ ದಿನಾ ಕ್ಯಾಬ್ ಆಗುವ ಮಾತಲ್ಲ. ಅವರು ದೂರವನ್ನು ಲೋಕಲ್ ರೈಲಿನಲ್ಲಿ ಕಳೆದು, ಕೊನೆಯ ಎರಡು ಮೂರು ಕಿಲೋಮೀಟರಿಗೆ ಮಾತ್ರ ರಿಕ್ಷಾ ಹಿಡಿಯಲಿ. ರಾತ್ರಿ ಹೆಂಗಸರ ಡಬ್ಬಿಯಲ್ಲಿ ಪೊಲೀಸರು ಇರುತ್ತಾರೆ. ಆ ಕೊನೆಯ ತುಂಡಿನಲ್ಲೇ ನಾವು ಮೈಮರೆಯುವುದು, "ಇನ್ನೇನು ಮನೆ ಬಂತಲ್ಲ" ಅಂತ. ಪ್ಲೇಟಿನ ಫೋಟೋ ಅಲ್ಲಿಗೂ ಬೇಕು.

ಮುಂಬೈಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಹಿರಿಯರಿಗೆ ಪೊಲೀಸರ 103 ನಂಬರ್ ಇದೆ. ಎಲ್ಲೇ ಇರಲಿ, ಎಲ್ಲರಿಗೂ 112. ಎರಡನ್ನೂ ಅಮ್ಮನ ನಂಬರಿನ ಪಕ್ಕದಲ್ಲೇ ಸೇವ್ ಮಾಡಿಡಿ.

ಆ ರಾತ್ರಿ ಏನಾಯಿತು ಅಂದರೆ, ಶೆಟ್ಟಿ ಮಾವ, ಅತ್ತೆ ನನ್ನ ಜೊತೆಗೇ ಲೋಕಲ್ ಹತ್ತಿದರು. ನಾನು ಮುಲುಂಡ್‌ನಲ್ಲಿ ಇಳಿದೆ. ಡೊಂಬಿವಲಿಯಲ್ಲಿ ಅವರನ್ನು ಕರೆದುಕೊಂಡು ಹೋಗಲು ಪಕ್ಕದ ಮನೆಯ ಹುಡುಗ ಬಂದಿದ್ದ. ರಮ್ಯಾಗೆ ಕ್ಯಾಬ್ ಹಿಡಿಸಿದೆವು. ಮೊದಲ ಇಬ್ಬರು ಕ್ಯಾನ್ಸಲ್ ಮಾಡಿದರು, ಮೂರನೆಯವನ ಮುಖ ಫೋಟೋದಂತೆಯೇ ಇತ್ತು. ವಸಂತಿಯ ಊರಿನ ಹುಡುಗ ಫೋನ್ ಎತ್ತಲಿಲ್ಲ. ಅವಳು ರಮ್ಯಾ ಜೊತೆ ಐರೋಲಿಗೆ ಹೋಗಿ ಅಲ್ಲೇ ಮಲಗಿ, ಬೆಳಗ್ಗೆ ಇಡ್ಲಿ ತಿಂದು ಮೀರಾ ರೋಡಿಗೆ ಹೋದಳು. ಆ ಹುಡುಗ ಹನ್ನೊಂದು ಗಂಟೆಗೆ ವಾಪಸ್ ಫೋನ್ ಮಾಡಿದನಂತೆ, ಬೆಳಗಿನ ಹನ್ನೊಂದಕ್ಕೆ.